ಹದಿನಾಲ್ಕನೇ ಕೋಣೆಯ ಮುತ್ತುರಾಯ

ಚಿಂತಾಮಣಿಯ ಆ ಖಾಸಗಿ ಹಾಸ್ಟೆಲಿನಲ್ಲಿ ಮೂವತ್ತೆರಡು ಕೋಣೆಗಳಿದ್ದವು. ಮೂವತ್ತೆರಡಕ್ಕೂ ಒಬ್ಬರೇ ಚಕ್ರವರ್ತಿ, ಗುಮಾಸ್ತ ಬಯ್ಯಪ್ಪನವರು. ಯಾವ ಹುಡುಗ ಯಾವ ಕೋಣೆಯಲ್ಲಿ ಮಲಗಬೇಕೆಂಬುದನ್ನು ಹದಿನೆಂಟು ವರ್ಷ ಅವರ ನಾಲಿಗೆಯೇ ತೀರ್ಮಾನಿಸಿತ್ತು. ಜೂನ್ ತಿಂಗಳು ಬಂತೆಂದರೆ ತಂದೆತಾಯಿಯರು ಜಗುಲಿಯ ಮೇಲೆ ಸಾಲಾಗಿ ಕೂರುವರು. ಬಯ್ಯಪ್ಪನವರು ಒಳಗಿಂದ ಒಮ್ಮೆ ಕೆಮ್ಮುವರು. ಆ ಕೆಮ್ಮಿಗೆ ಇಡೀ ಜಗುಲಿ ಎದ್ದು ನಿಲ್ಲುತ್ತಿತ್ತು.

"ನಿನ್ನ ಮಗ ಗೊರಕೆ ಹೊಡೀತಾನೇನಮ್ಮ?"

"ಸ್ವಲ್ಪ ಹೊಡೀತಾನೆ ಸಾಮಿ."

"ಹಂಗಾದ್ರೆ ಆರನೇ ರೂಮು. ಅಲ್ಲಿರೋನು ಇವನಿಗಿಂತ ಜೋರು."

ಈ ರಾಜ್ಯಭಾರದಲ್ಲಿ ಬರೆದಿಡದ ಕಟ್ಟಳೆಯೊಂದಿತ್ತು. ಹದಿನಾಲ್ಕನೆಯದು ಒಬ್ಬನಿಗಷ್ಟೇ ಸಾಲುವ ಪುಟ್ಟ ಕೋಣೆ. ಅದನ್ನು ಅವರು ಕೊನೆಯವರೆಗೂ ಯಾರಿಗೂ ಕೊಡುತ್ತಿರಲಿಲ್ಲ. ರೇಷ್ಮೆ ಸಾಕುವ ಮನೆಯವರು ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿನಲ್ಲಿ ಮನೆ ಬಿಟ್ಟು ಬರಲಾರರು, ತಡವಾಗಿ ಬಂದೇ ಬರುತ್ತಾರೆ. ಅಂಥವರಿಗೆ ಮೀಸಲು.

೧೯೯೮ರಲ್ಲಿ ಈ ಸಾಮ್ರಾಜ್ಯದ ಮೇಲೆ ದಂಡೆತ್ತಿ ಬಂದದ್ದು ಒಂದು ಕಂಪ್ಯೂಟರು. ಇನ್ನು ಗೌರಿಬಿದನೂರು, ಶಿಡ್ಲಘಟ್ಟ, ಎಲ್ಲಿಯೇ ಆಗಲಿ ಹಾಸ್ಟೆಲು ನಡೆಸುವ ಟ್ರಸ್ಟಿನ ಕಚೇರಿಯಲ್ಲಿ ಅರ್ಜಿ ತುಂಬಿ ಮುಂಗಡ ಕಟ್ಟಿದರೆ ಸಾಕು, ಅದು ಟೆಲಿಫೋನ್ ತಂತಿಯಲ್ಲಿ ಓಡಿಬಂದು ಚಿಂತಾಮಣಿಯ ಪರದೆಯ ಮೇಲೆ ಮೂಡುತ್ತದೆ, ಕೋಣೆ ತಾನಾಗಿ ಗೊತ್ತಾಗುತ್ತದೆ ಎಂದರು ಟ್ರಸ್ಟಿನವರು. ಯಂತ್ರವನ್ನು ನಡೆಸಲು ತಾಹಿರಾ ಎಂಬ ಹುಡುಗಿ ಬಂದಳು. ವಯಸ್ಸು ಇಪ್ಪತ್ತೆರಡು.

ಬಯ್ಯಪ್ಪನವರ ಹೊಟ್ಟೆಯಲ್ಲಿ ಬೆಂಕಿ ಹತ್ತಿಕೊಂಡಿತು. ಹದಿನೆಂಟು ವರ್ಷ ದುಡಿದ ತಮಗೆ ಒಂದು ಫ್ಯಾನಿಲ್ಲ, ನಿನ್ನೆ ಬಂದ ಡಬ್ಬಕ್ಕೆ ಎರಡು ಫ್ಯಾನು! ತಮ್ಮ ಕುರ್ಚಿಯ ಹರಿದ ದಿಂಬು ಹಾಗೇ ಇದೆ, ಅದಕ್ಕೆ ಮಾತ್ರ ಜರಿಯಂಚಿನ ಹೊದಿಕೆ! ಅದರ ಕೋಣೆಗೆ ಹೋಗುವವರು ಚಪ್ಪಲಿ ಬೇರೆ ಬಿಡಬೇಕು. ತಮ್ಮೆದುರು ಚಪ್ಪಲಿ ಬಿಟ್ಟವರು ಇಷ್ಟು ವರ್ಷದಲ್ಲಿ ಯಾರಿದ್ದರು? ಎಲ್ಲಕ್ಕಿಂತ ಹೆಚ್ಚು ಉರಿದದ್ದು ಜಗುಲಿಯ ಜನರಿಂದ. ಅವರೀಗ ತಾಹಿರಾಳ ಕಿಟಕಿಗೆ ಮುಖ ಮಾಡಿ ಕೂರುತ್ತಿದ್ದರು. ಬಯ್ಯಪ್ಪನವರು ಮೂರು ಸಲ ಕೆಮ್ಮಿ ನೋಡಿದರು. ಯಾರೋ ಒಬ್ಬರು, "ಶುಂಠಿ ಕಷಾಯ ಕುಡೀರಿ ಸಾಮಿ" ಎಂದರು.

ಅವಮಾನ ಪ್ರತೀಕಾರವನ್ನು ಬೇಡಿತು. ಮುಂದಿನ ಸೋಮವಾರ ಟ್ರಸ್ಟಿನ ಕಾರ್ಯದರ್ಶಿಗಳು ಯಂತ್ರದ ಉದ್ಘಾಟನೆಗೆ ಬರುವವರಿದ್ದರು. ಅದಕ್ಕೆ ಎಂಟು ದಿನ ಮುಂಚೆ ಬಯ್ಯಪ್ಪನವರು ತಮ್ಮೂರು ನಗರಗೆರೆಗೆ ಹೋದವರು, ಮಾರನೆಯ ದಿನ ಗೌರಿಬಿದನೂರಿನ ಕಚೇರಿಗೆ ನುಗ್ಗಿ ಒಂದು ಅರ್ಜಿ ತುಂಬಿದರು. ಹೆಸರು: ಮುತ್ತುರಾಯ. ಊರು: ನಗರಗೆರೆ. ಗುರುತು: ಹಣೆಯಲ್ಲಿ ಬಿಳಿ ಮಚ್ಚೆ. ಆಹಾರ: ಸಸ್ಯಾಹಾರ. ಪೋಷಕರು: ಬಯ್ಯಪ್ಪ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮುತ್ತುರಾಯನೆಂಬುದು ಅವರ ತಮ್ಮನ ಮನೆಯ ಎತ್ತಿನ ಹೆಸರು.

ಮುಂಗಡ ಇನ್ನೂರು ರೂಪಾಯಿ ಕಟ್ಟಿದರು. ಯಂತ್ರ ಮರುಮಾತಿಲ್ಲದೆ ಎತ್ತಿಗೆ ಕೋಣೆ ಕೊಟ್ಟಿತು. ಉಳಿದಿದ್ದುದು ಒಂದೇ, ಹದಿನಾಲ್ಕನೆಯದು. ಅದು ಯಾರಿಗಾಗಿ ಉಳಿದಿದ್ದ ಕೋಣೆ ಎಂಬುದು ಹೊಟ್ಟೆಕಿಚ್ಚಿನ ಹೊಗೆಯಲ್ಲಿ ಬಯ್ಯಪ್ಪನವರಿಗೆ ಕಾಣಿಸಲೇ ಇಲ್ಲ. ಅವರಿಗೆ ಕಂಡದ್ದು ಸೋಮವಾರ ಮಾತ್ರ: ಕಾರ್ಯದರ್ಶಿಗಳು ಭಾಷಣಕ್ಕೆ ನಿಂತಿದ್ದಾರೆ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ಮುತ್ತುರಾಯ ರಸೀದಿಯೊಂದಿಗೆ ಲಾರಿಯಿಂದ ಇಳಿಯುತ್ತಿದ್ದಾನೆ. ಲಾರಿಯವನ ಹತ್ತಿರ ಮಾತೂ ಆಗಿತ್ತು.

ಶನಿವಾರ ಬೆಳಿಗ್ಗೆ ಕೆಂಚಾರ್ಲಹಳ್ಳಿಯ ಅಕ್ಕಯ್ಯಮ್ಮ ಮೊಮ್ಮಗನ ಕೈ ಹಿಡಿದು ಬಂದಳು. ಕಿಟಕಿಯಲ್ಲಿ ಕೇಳಿ, ಸೀದಾ ಬಯ್ಯಪ್ಪನವರ ಮುಂದೆ ನಿಂತಳು.

"ಖಾಲಿ ಇಲ್ವಂತೆ ನಾಯನಾ. ಹುಳ ಹಣ್ಣಾಗಿದ್ವು. ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಟ್ಟು ಬರೋಷ್ಟರಲ್ಲಿ ಹಿಂಗಾಯ್ತು. ಇವನ ಅಣ್ಣಂಗೆ ನೀನೇ ತೆಗೆದಿಟ್ಟು ಕೊಟ್ಟಿದ್ದೆಯಲ್ಲ, ಹದಿನಾಲ್ಕು? ಈಗ ಇವನಪ್ಪ, ರೂಮು ಸಿಗದಿದ್ರೆ ಕಾಲೇಜು ಬೇಡ, ಹುಳಕ್ಕೆ ಸೊಪ್ಪು ಹಾಕ್ಕೊಂಡಿರಲಿ ಅಂತಾನೆ."

ಹುಡುಗ ನೆಲ ನೋಡುತ್ತಿದ್ದ. ಬಯ್ಯಪ್ಪನವರೂ ಅದೇ ನೆಲವನ್ನು ನೋಡಿದರು. ಒಂದು ಕಡೆ ಸೋಮವಾರದ ದಿಗ್ವಿಜಯ, ಇನ್ನೊಂದು ಕಡೆ ಈ ಹುಡುಗನ ಎರಡು ವರ್ಷದ ಓದು. ಮುದುಕಿಯನ್ನು ಬೈದು ಕಳಿಸಬಹುದಿತ್ತು. ಆದರೆ ಅವಳು ಇಡೀ ಜಗುಲಿಯಲ್ಲಿ ಯಂತ್ರವನ್ನು ಬಿಟ್ಟು ತಮ್ಮ ಬಳಿಗೆ ಬಂದಿದ್ದ ಒಬ್ಬಳೇ ಜೀವ.

ಚಕ್ರವರ್ತಿಗಳು ಎದ್ದರು. ತಾಹಿರಾಳ ಕಿಟಕಿಯ ಮುಂದೆ, ಫೀಸು ಕಟ್ಟಲು ಕಾದಿದ್ದ ಏಳು ಜನರ ಹಿಂದೆ, ಸಾಲಿನಲ್ಲಿ ನಿಂತರು. ಸಾಲು ಸರಸರನೆ ಸಾಗಿತು. ಅದಕ್ಕೂ ಅವರಿಗೆ ಉರಿಯಿತು.

"ಹದಿನಾಲ್ಕನೇ ರೂಮಿನ ಮುತ್ತುರಾಯ ಬರೋದಿಲ್ಲಮ್ಮ. ಅವನ ಹೆಸರು ತೆಗೆದು ಆ ಅಜ್ಜಿ ಮೊಮ್ಮಗನ ಹೆಸರು ಹಾಕಿಬಿಡು."

"ರದ್ದು ಮಾಡಿದ್ರೆ ಮುಂಗಡ ವಾಪಸ್ ಬರಲ್ಲ ಸಾರ್. ನಿಮ್ಮ ನೆಂಟರ ಹುಡುಗನಾ?"

"ಮನೇವನೇ."

"ಯಾಕೆ ಓದು ಬಿಟ್ಟ?"

"ಹೊಲ ಉಳೋದಿದೆಯಂತೆ."

"ಅಯ್ಯೋ ಪಾಪ! ಬುದ್ಧಿ ಹೇಳಬೇಕಿತ್ತು ಸಾರ್ ನೀವು."

"ಹೇಳ್ದೆ ಕಣಮ್ಮ. ತಲೆ ಅಲ್ಲಾಡಿಸಿಬಿಟ್ಟ."

ತಾಹಿರಾ ನಾಲ್ಕು ಗುಂಡಿ ಒತ್ತಿದಳು. ಮುತ್ತುರಾಯನ ಹೆಸರು ಹೋಗಿ ಅಕ್ಕಯ್ಯಮ್ಮನ ಮೊಮ್ಮಗನ ಹೆಸರು ಬಂತು. ಮುದುಕಿ ಕಿಟಕಿಯೊಳಗೆ ಕೈ ಚಾಚಿ ತಾಹಿರಾಳ ಕೆನ್ನೆ ಸವರಿ ನೆಟಿಗೆ ಮುರಿದಳು.

"ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ."

"ನಾನೇನೂ ಮಾಡಿಲ್ಲ ಅಜ್ಜಿ" ಎಂದಳು ತಾಹಿರಾ. "ಸಾರ್ ಮನೆ ಹುಡುಗ ಸೀಟು ಬಿಟ್ಟುಕೊಟ್ಟ."

ಬಯ್ಯಪ್ಪನವರು ಎದೆ ಸ್ವಲ್ಪ ಮುಂದೆ ಮಾಡಿ ನಿಂತರು. ಅಕ್ಕಯ್ಯಮ್ಮ ಅವರತ್ತ ತಿರುಗಿದಳು. ಕಣ್ಣಲ್ಲಿ ನೀರಿತ್ತು.

"ಹಂಗಾ ನಾಯನಾ! ಎಂಥಾ ಬಂಗಾರದಂಥ ಹುಡುಗ. ಹಿಂಗೆ ಬಿಟ್ಟುಕೊಡೋ ಗುಣ ಮನುಷ್ಯರಿಗೆ ಎಲ್ಲಿ ಬರುತ್ತೆ? ಒಂದ್ಸಲ ನಮ್ಮನೆಗೆ ಕಳಿಸಪ್ಪ, ಹೊಟ್ಟೆ ತುಂಬ ಊಟ ಹಾಕ್ತೀನಿ."

ಅವಳು ಮೊಮ್ಮಗನನ್ನು ಕರೆದುಕೊಂಡು ಕೋಣೆ ನೋಡಲು ಹೋದಳು. ಬಯ್ಯಪ್ಪನವರು ಸಾಲಿನಿಂದ ಪಕ್ಕಕ್ಕೆ ಸರಿದು ನಿಂತರು. ಯಂತ್ರ, ತಾಹಿರಾ, ಎರಡು ಫ್ಯಾನು ಎಲ್ಲವೂ ಮರೆತುಹೋಗಿದ್ದವು. ಈಗ ಅವರಿಗೆ ಹೊಟ್ಟೆಕಿಚ್ಚಾಗುತ್ತಿದ್ದುದು ಎತ್ತಿನ ಮೇಲೆ.