ಗೌನಮ್ಮನ ಬಿಳಿ ಗೀಟು

ಬೆಳಕು ಇನ್ನೂ ಕಿಟಕಿಯ ಸರಳಿನ ಆಚೆಗೇ ನಿಂತಿದೆ. ಒಳಗೆ ಗೌನಮ್ಮನ ಕಾಲು ಆಗಲೇ ಹೊಲಿಗೆ ಯಂತ್ರದ ಪೆಡಲಿನ ಮೇಲಿದೆ. ಅದೂ ಬರಿಗಾಲು. ಹುಟ್ಟಿದಾಗಿನಿಂದ ಕಿವಿ ಕೇಳಿಸದ ಈ ತಾಯಿಗೆ ಯಂತ್ರದ ಸದ್ದು ಅಂಗಾಲಿನಿಂದಲೇ ಒಳಗೆ ಬರಬೇಕು. ಸೂಜಿ ಮೊಂಡಾದರೆ ಪಾದಕ್ಕೆ ಮೊದಲು ತಿಳಿಯುತ್ತದೆ, ಕಣ್ಣಿಗೆ ಆಮೇಲೆ. ತೊಡೆಯ ಮೇಲೆ ಹರಡಿರುವುದು ವಕೀಲರ ಕರಿ ಗೌನು. ಬೀದಿಯ ತುದಿಯ ಕಾನೂನು ಕಾಲೇಜಿನ ಮಕ್ಕಳಿಗೆಲ್ಲ ಗೌನು ಹೊಲಿದುಕೊಡುವವರು ಇವರೇ. ಹೆಸರೂ ಹಾಗೇ ಅಂಟಿಕೊಂಡಿದೆ.

ಮಗಳು ಬಾಗಿಲಲ್ಲಿ ನಿಂತು ದೀಪವನ್ನು ಆರಿಸಿ ಹಚ್ಚುತ್ತಾಳೆ. ಈ ಮನೆಯಲ್ಲಿ ಕೂಗಿ ಕರೆಯುವುದೆಂದರೆ ಅದೇ. ಗೌನಮ್ಮ ತಲೆಯೆತ್ತುತ್ತಾರೆ, ಕೈಗಳು ಮಾತಿಗೆ ಶುರುವಾಗುತ್ತವೆ. ಗೌನಮ್ಮನ ಮಾತೆಲ್ಲ ಕೈಯದು, ಅದಕ್ಕೆ ದನಿ ಕೊಡುವವಳು, ಬೇರೆಯವರ ಮಾತನ್ನು ಕೈಗೆ ತರುವವಳು ಮಗಳು.

“ಅವಸರ ಮಾಡಬೇಡ. ತೋಳು ಸೊಟ್ಟಗಾದರೆ ವಾದವೂ ಸೊಟ್ಟಗಾಗುತ್ತೆ.”

“ಅಮ್ಮಾ, ಜಡ್ಜ್ ಸಾಹೇಬರು ಬರೋ ದಿನ ಇವತ್ತು. ನೆನಪಿದೆ ತಾನೆ?”

“ನೆನಪಿರೋದಕ್ಕೇ ಸೂಜಿ ಮೂರು ಸಲ ಬೆರಳಿಗೆ ಚುಚ್ಚಿದ್ದು.”

ಬೇರೆ ದಿನ ಗೌನಮ್ಮ ದರ್ಜಿ. ವಾರಕ್ಕೊಮ್ಮೆ ಮಾತ್ರ ಅದೇ ಕಾಲೇಜಿನಲ್ಲಿ ಮೇಷ್ಟ್ರು. ಅದು ಶುರುವಾದದ್ದೂ ಒಂದು ಗೌನಿನಿಂದಲೇ. ಅಲ್ಲಿ ಪಾಠ ಹೇಳುವ ಮೇಡಂ ಒಮ್ಮೆ ಅಳತೆ ಕೊಡಲು ಬಂದವರು ಮಗಳ ಕಡೆ ತಿರುಗಿ, “ತೋಳು ಸ್ವಲ್ಪ ಉದ್ದ ಇರಲಿ ಅಂತ ನಿಮ್ಮ ತಾಯಿಗೆ ಹೇಳಿ” ಅಂದರಂತೆ. ಗೌನಮ್ಮ ಕತ್ತರಿಯ ಹಿಡಿಯಿಂದ ಮೇಜು ಕುಟ್ಟಿ, ಅವರ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿದರು. “ಟೇಪು ನನ್ನ ಕೈಲಿದೆ. ಮಾತೂ ನನ್ನ ಹತ್ತಿರವೇ ಆಡಿ.” ಮೇಡಂ ಕೋಪಿಸಿಕೊಳ್ಳಲಿಲ್ಲ. ಗೌನು ಒಯ್ಯಲು ಬಂದಾಗ ಗೌನಮ್ಮನ ಮುಖ ನೋಡಿಯೇ ಕೇಳಿದರು: “ನಮ್ಮ ಪುಸ್ತಕದಲ್ಲಿ ಎಲ್ಲರ ಹಕ್ಕೂ ಇದೆ. ಎದುರಿಗೆ ಕೂತವರನ್ನ ಮಾತಾಡಿಸೋದು ಹೇಗೆ ಅಂತ ಇಲ್ಲ. ಬಂದು ಹೇಳಿಕೊಡ್ತೀರಾ?”

ಒಪ್ಪಲು ಗೌನಮ್ಮನಿಗೆ ತಮ್ಮದೇ ಕಾರಣವಿತ್ತು. ಗಂಡ ತೀರಿಕೊಂಡ ಮೇಲೆ, ಇಬ್ಬರೂ ಸೇರಿ ಕಟ್ಟಿದ ಅಂಗಡಿಗೆ ಮೈದುನ ಕೈಹಾಕಿದ. ವಿಷಯ ಕೋರ್ಟಿಗೆ ಹೋಯಿತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಮೈದುನನಿಗೆ ಬಾಯಿತ್ತು. ಅತ್ತಿಗೆಯ ಪರವಾಗಿಯೂ ಅವನೇ ಮಾತಾಡಿದ. ಕಟಕಟೆಯ ಪಕ್ಕ ಗೌನಮ್ಮ ಮಗಳ ಪುಟ್ಟ ಕೈ ಹಿಡಿದು, ಅಲ್ಲಾಡುವ ತುಟಿಗಳನ್ನೇ ನೋಡುತ್ತ ನಿಂತಿದ್ದರು. ಎಲ್ಲರೂ ಎದ್ದು ಹೊರಟಾಗಲೇ ಕೇಸು ಮುಗಿಯಿತೆಂದು ತಿಳಿದದ್ದು. ಅಂಗಡಿ ಹೋಯಿತು. ಮನೆಯ ಮುಂದಿನ ಕೋಣೆಗೆ ಯಂತ್ರ ಬಂತು.

ಅವರ ತರಗತಿಯಲ್ಲಿ ಭಾಷಣವಿಲ್ಲ. ಗೌನಮ್ಮ ಕಕ್ಷಿದಾರಳಾಗಿ ಕೂರುತ್ತಾರೆ, ಗೌನು ತೊಟ್ಟ ಒಬ್ಬ ವಿದ್ಯಾರ್ಥಿ ಎದುರಿಗೆ. ಮಗಳ ಕುರ್ಚಿ ಬೇಕೆಂದೇ ವಿದ್ಯಾರ್ಥಿಯ ಬೆನ್ನ ಹಿಂದೆ. ಉತ್ತರದ ದನಿ ಹಿಂದಿನಿಂದ ಬಂದೊಡನೆ ಕತ್ತು ತನ್ನಷ್ಟಕ್ಕೆ ತಿರುಗುತ್ತದೆ. ತಿರುಗಿತೋ, ಗೌನಮ್ಮ ಎದ್ದು ಬಂದು ಹೊಲಿಗೆಯ ಸೀಮೆಸುಣ್ಣದಿಂದ ಕರಿ ಹೆಗಲ ಮೇಲೊಂದು ಬಿಳಿ ಗೀಟು ಎಳೆಯುತ್ತಾರೆ. ಮೊದಲ ವಾರಗಳಲ್ಲಿ ಮಕ್ಕಳೆಲ್ಲ ಸುಣ್ಣ ಬಳಿದ ಗೋಡೆಯಂತೆ ಹೊರಗೆ ಬರುತ್ತಾರೆ. ಎಲ್ಲರಿಗೂ ಕೈಯಲ್ಲೇ ಅಡ್ಡಹೆಸರು ಬೇರೆ: ಕನ್ನಡಕ ಏರಿಸೋನು, ಗಂಟಲು ಸವರೋನು, ಉಗುರು ಕಚ್ಚೋಳು.

“ಊಟಕ್ಕಿಲ್ಲದ ಉಪ್ಪಿನಕಾಯಿ” ಎಂದು ಪ್ರಿನ್ಸಿಪಾಲರು ಈ ತರಗತಿಯನ್ನು ಕರೆದಿದ್ದಾರೆ. ಮುಂದಿನ ವರ್ಷ ಇದು ಇರಬೇಕೋ ಬೇಡವೋ, ನಿವೃತ್ತ ನ್ಯಾಯಾಧೀಶರು ನೋಡಿ ಹೇಳಲಿ ಎಂಬುದು ಅವರ ತೀರ್ಮಾನ.

ಅಣಕು ನ್ಯಾಯಾಲಯದ ಕೋಣೆ ಕಿಕ್ಕಿರಿದಿದೆ. ಎತ್ತರದ ಪೀಠದಲ್ಲಿ ಕರಿಕೋಟಿನ ನ್ಯಾಯಾಧೀಶರು. ಕೆಳಗೆ ಉಗುರು ಕಚ್ಚೋಳು ವಕೀಲೆ, ಗೌನಮ್ಮ ಕಕ್ಷಿದಾರಳು. ಮೊಕದ್ದಮೆ ಅದೇ ಹಳೆಯ ಅಂಗಡಿಯದು. ಹುಡುಗಿ ಒಂದೊಂದೇ ಪ್ರಶ್ನೆ ಕೇಳುತ್ತಾಳೆ, ಕತ್ತು ಕಲ್ಲಿನ ಹಾಗೆ ನೆಟ್ಟಗಿದೆ. ಅಷ್ಟರಲ್ಲಿ ನ್ಯಾಯಾಧೀಶರು ಮಗಳ ಕಡೆ ನೋಡಿ ಅನ್ನುತ್ತಾರೆ:

“ಅಂಗಡಿಯ ಬೀಗದ ಕೈ ಯಾರ ಹತ್ತಿರ ಇತ್ತು ಅಂತ ಅವರನ್ನ ಕೇಳಮ್ಮ.”

ಪ್ರಿನ್ಸಿಪಾಲರು ನೆಲ ನೋಡುತ್ತಾರೆ. ಹುಡುಗಿಯ ಬೆರಳು ಬಾಯಿಯವರೆಗೆ ಹೋಗಿ, ಹಾಗೇ ಕೆಳಗಿಳಿಯುತ್ತದೆ.

“ಸ್ವಾಮಿ, ಅವರು ಇಲ್ಲೇ ಇದ್ದಾರೆ. ದಯವಿಟ್ಟು ಅವರನ್ನೇ ಕೇಳಿ.”

ನ್ಯಾಯಾಧೀಶರು ಕುರ್ಚಿ ತಿರುಗಿಸಿ ಗೌನಮ್ಮನ ಮುಖ ನೋಡುತ್ತಾರೆ.

“ಬೀಗದ ಕೈ ಯಾರ ಹತ್ತಿರ ಇತ್ತಮ್ಮಾ?”

“ನನ್ನ ಹತ್ತಿರ. ಈಗಲೂ ಇದೆ. ಅಂಗಡಿ ಮಾತ್ರ ಇಲ್ಲ.”

“ಆಗ ಯಾರೂ ಕೇಳಲಿಲ್ಲವೇ?”

“ಕೇಳಿದರಲ್ಲ, ನನ್ನ ಮೈದುನನ್ನ!”

ನಗು ಹಿಂದಿನ ಬೆಂಚಿನಿಂದ ಶುರುವಾಗಿ ಮುಂದಕ್ಕೆ ಬರುತ್ತದೆ. ಅದು ನಿಲ್ಲುವ ಮೊದಲೇ ಗೌನಮ್ಮ ಪೀಠದ ಮೆಟ್ಟಿಲು ಹತ್ತಿ ಆಗಿದೆ. ಪ್ರಿನ್ಸಿಪಾಲರು “ಅಯ್ಯೋ ಬೇಡಮ್ಮಾ” ಅನ್ನುತ್ತಾರೆ. ಕೇಳಿಸಬೇಕಲ್ಲ! ಕರಿಕೋಟಿನ ಹೆಗಲ ಮೇಲೆ ಬಿಳಿ ಗೀಟು ಬೀಳುತ್ತದೆ.

ನ್ಯಾಯಾಧೀಶರು ಹೆಗಲು ನೋಡಿಕೊಳ್ಳುತ್ತಾರೆ. ಗೌನಮ್ಮನನ್ನು ನೋಡುತ್ತಾರೆ. “ತಪ್ಪು ಒಪ್ಪಿಕೊಂಡೆ. ಮೇಲ್ಮನವಿಗೆ ಅವಕಾಶ ಇದೆಯೇ?”

“ಇಲ್ಲ. ನನ್ನ ಕೋರ್ಟಿನಲ್ಲಿ ಇದೇ ಕೊನೆ.”

ಹೊಟ್ಟೆ ಹಿಡಿದುಕೊಂಡು ನಕ್ಕ ನ್ಯಾಯಾಧೀಶರು ಪ್ರಿನ್ಸಿಪಾಲರತ್ತ ತಿರುಗಿ, “ಉಪ್ಪಿನಕಾಯಿ ಅಲ್ಲ ರೀ, ಇದೇ ಊಟ. ಮುಂದಿನ ವರ್ಷವೂ ಬಡಿಸಿ” ಅನ್ನುತ್ತಾರೆ. ಗೀಟನ್ನು ಒರೆಸಿಕೊಳ್ಳದೆ ಬೀದಿಯುದ್ದಕ್ಕೂ ನಡೆದುಹೋಗುತ್ತಾರೆ.

ಮಧ್ಯಾಹ್ನ ಉಗುರು ಕಚ್ಚೋಳು ಅಳತೆ ನೋಡಲು ಮುಂದಿನ ಕೋಣೆಗೆ ಬರುತ್ತಾಳೆ. ಬೆಳಗ್ಗೆ ಹೊಲಿಯುತ್ತಿದ್ದ ಗೌನು ಅವಳದೇ. ಗೌನಮ್ಮ ಅದನ್ನು ಅವಳ ಹೆಗಲಿಗೇರಿಸಿ, ಮಡಿಕೆ ತೀಡಿ, ಮಗಳ ಕಡೆ ತಿರುಗುತ್ತಾರೆ.

“ನನಗೆ ಇನ್ನೇನು ಬೇಕು? ಈ ಹೆಗಲಿಗೆ ಗೀಟು ಬೀಳದೆ ಇರಲಿ. ಅಷ್ಟೇ ಸಾಕು ಅಂತ ಅವಳಿಗೆ ಹೇಳು.”

ಮಗಳು ಬಾಯಿ ತೆರೆಯುವ ಮೊದಲೇ ಹುಡುಗಿ ಮೇಜಿನ ಮೇಲಿನ ಸೀಮೆಸುಣ್ಣ ಎತ್ತಿಕೊಂಡಿದ್ದಾಳೆ. ಗೌನಮ್ಮನ ಕಡುನೀಲಿ ರವಿಕೆಯ ಹೆಗಲ ಮೇಲೆ ಉದ್ದಕ್ಕೊಂದು ಗೀಟು ಎಳೆದು, ತನ್ನತ್ತ ಬೆರಳು ತೋರಿಸಿಕೊಳ್ಳುತ್ತಾಳೆ: ನಾನು ಇಲ್ಲೇ ಇದ್ದೀನಿ, ನನಗೇ ಹೇಳಿ.

ಗೌನಮ್ಮ ಗೀಟು ನೋಡಿಕೊಂಡು ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ನೇರ ಹುಡುಗಿಯ ಕಣ್ಣಿಗೆ ಕಣ್ಣಿಟ್ಟು ಕೈಯೆತ್ತುತ್ತಾರೆ.

“ಗೌನಿಗೆ ಇಸ್ತ್ರಿ ಬಾಕಿ ಇದೆ. ವಕೀಲಮ್ಮ ಮಾತ್ರ ತಯಾರು.”