ಪಂಪಣ್ಣನ ಕೋಸಂಬರಿಗೆ ಉಪ್ಪು ಹಾಕಿದವರು

ಚಿತ್ತವಾಡ್ಗಿಯಲ್ಲಿ ಯಾರ ಮನೆಯ ಕಾರ್ಯವಾದರೂ ಕೋಸಂಬರಿ ಮಾಡುವವನು ಪಂಪಣ್ಣನೇ. ಸಂಡೂರಿನ ಗಣಿ ಕ್ಯಾಂಟೀನಿನಲ್ಲಿ ಆಯುಷ್ಯವೆಲ್ಲ ಸೌಟು ತಿರುವಿ ನಿವೃತ್ತನಾದವನು. ಅನ್ನ ಮುದ್ದೆಯಾದರೆ ನಕ್ಕು ಸುಮ್ಮನಾಗುತ್ತಾನೆ, ಸಾರು ತಳ ಹತ್ತಿದರೆ ದೇವರ ಇಚ್ಛೆ ಎನ್ನುತ್ತಾನೆ. ಕೋಸಂಬರಿಯ ವಿಷಯದಲ್ಲಿ ಮಾತ್ರ ಕಟ್ಟಿಕೊಂಡ ಹೆಂಡತಿಯನ್ನೂ ನಂಬುವುದಿಲ್ಲ. ಎಲೆ ಹಾಸಿ ಜನ ಕೂತ ಮೇಲೆಯೇ ಉಪ್ಪು ಬೀಳಬೇಕು. ಅದಕ್ಕೂ ಮೊದಲು ಉಪ್ಪಿನ ಡಬ್ಬಿ ಮುಟ್ಟಿದವರ ವಂಶವನ್ನೇ ಜಾಲಾಡಿಬಿಡುತ್ತಾನೆ.

ಅಂಥವನ ಮನೆಗೇ ಆ ಭಾನುವಾರ ಕಂಪ್ಲಿಯಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬಂದರು. ಮಗ ವಿಜಯಕುಮಾರ ಹುಡುಗಿಯನ್ನು ನೋಡಿದಂದಿನಿಂದ ಊಟದ ನಡುವೆ ಸುಮ್ಮಸುಮ್ಮನೆ ನಗುತ್ತಿದ್ದ. ಹುಡುಗಿಯೂ ಒಪ್ಪಿದ್ದಳು. ಉಳಿದದ್ದು ಹುಡುಗಿಯ ತಾಯಿ ಸುಂಕಲಮ್ಮನ ಒಪ್ಪಿಗೆ. ಆಕೆ ಹಿಂದೆ ಒಂದು ಮನೆಯಲ್ಲಿ ಅತ್ತೆಯ ಬಾಯಿ ಜೋರೆಂದು, ಇನ್ನೊಂದರಲ್ಲಿ ಮಾವ ಮಾತುಮಾತಿಗೆ ಸಿಡುಕುತ್ತಾನೆಂದು ಚಹಾ ಲೋಟ ಕೆಳಗಿಟ್ಟು ಎದ್ದುಬಂದವಳು. ಇಲ್ಲೂ ಎದ್ದರೆ ಮಗನ ಗತಿಯೇನು ಎಂಬುದೇ ಪಂಪಣ್ಣನ ಚಿಂತೆ.

ಎಳೆ ಸೌತೆಕಾಯಿ ಹೆಚ್ಚಿ, ನೆನೆದ ಹೆಸರುಬೇಳೆ ಬೆರೆಸಿ ಬೋಗುಣಿ ಮುಚ್ಚಿಟ್ಟಿದ್ದ. ಆದರೆ ಗಂಡಿನ ತಂದೆ ಅಡುಗೆಮನೆಯಲ್ಲಿ ಕಾವಲು ಕೂರಲಾದೀತೇ? ಇಸ್ತ್ರಿ ಅಂಗಿ ತೊಟ್ಟು ಪಡಸಾಲೆಯಲ್ಲಿ ಸುಂಕಲಮ್ಮನೆದುರು ಹಲ್ಲು ಕಿರಿಯುತ್ತ ಕೂರಬೇಕಾಯಿತು. ಅಲ್ಲಿಗೆ ಕೆಟ್ಟಿತು ನೋಡಿ.

ಅವನ ಅಣ್ಣ ಕೆಂಚಣ್ಣ ಒಳಗೆ ಬಂದು ಒಂದು ಚೂರು ಬಾಯಿಗೆ ಹಾಕಿಕೊಂಡ. ಸಪ್ಪೆ! ತಮ್ಮ ಹೊರಗೆ ಬೀಗರ ಜೊತೆ ಕೂತು ಉಪ್ಪನ್ನೇ ಮರೆತಿದ್ದಾನೆ, ಇನ್ನು ಹಾಕುವವರಾರು? ಪಾಪ ಎಂದು ಒಂದು ಮುಷ್ಟಿ ಸುರಿದು, ಯಾರಿಗೂ ಹೇಳದೆ ಹೋದ. ಪಂಪಣ್ಣನ ಹೆಂಡತಿ ರೇಣುಕಾದೇವಿಗೂ ಅದೇ ಕನಿಕರ ಹುಟ್ಟಿತು. ಆಕೆ ರುಚಿ ನೋಡುವ ಗೋಜಿಗೂ ಹೋಗಲಿಲ್ಲ. ಕೊನೆಗೆ ಬಡಿಸಲು ಬಂದ ಪಕ್ಕದ ಮನೆಯ ಹೊಳೆಮ್ಮನೂ ತನ್ನ ಕರ್ತವ್ಯ ಮುಗಿಸಿದಳು. ಪ್ರೀತಿ ಇರುವ ಮನೆಯಲ್ಲಿ ಇಂಥ ಅನಾಹುತಗಳು ಆಗುತ್ತಲೇ ಇರುತ್ತವೆ.

ಸೌತೆಕಾಯಿಯ ಪುಟ್ಟ ಹೋಳಿನಲ್ಲೂ ಲೆಕ್ಕವಿಲ್ಲದಷ್ಟು ಜೀವಕೋಶಗಳು. ಒಂದೊಂದೂ ಹೊಟ್ಟೆ ತುಂಬ ನೀರು ಕುಡಿದು ಬಿಗಿಯಾಗಿರುವುದರಿಂದಲೇ ಅದು ಕಟಕಟ ಎನ್ನುವುದು. ಹೊರಗೆ ಉಪ್ಪು ಹೆಚ್ಚಾಯಿತೋ, ಒಳಗಿನ ನೀರು ಪೊರೆ ದಾಟಿ ಉಪ್ಪು ಇರುವ ಕಡೆಗೇ ಓಡುತ್ತದೆ. ಎಲೆ ಹಾಸುವ ಹೊತ್ತಿಗೆ ಪಂಪಣ್ಣ ನೆಪ ಹೇಳಿ ಒಳಗೆ ನುಸುಳಿ ಮುಚ್ಚಳ ತೆಗೆದರೆ, ಬೋಗುಣಿಯಲ್ಲಿ ಕೆರೆ! ಕೆರೆಯಲ್ಲಿ ಜೋಲುಮೋರೆಯ ಸೌತೆಕಾಯಿ!

"ಯಾವ ಪುಣ್ಯಾತ್ಮನ ಕೆಲಸಲೇ ಇದು?" ಎಂದು ಹಲ್ಲು ಕಡಿದ. ಕೂಗುವಂತಿಲ್ಲ, ಗೋಡೆಯಾಚೆ ಸುಂಕಲಮ್ಮ. ಕಾಲೇಜಿಗೆ ಹೋಗುವ ಮಗಳು ಸುಧಾರಾಣಿ ಬಗ್ಗಿ ನೋಡಿ, "ಆಸ್ಮಾಸಿಸ್ ಅಪ್ಪಾ! ಜಲ್ದಿ ತೊಳದು ತಣ್ಣೀರಾಗ ಹಾಕು. ಈಗ ಹೊರಗಿಂತ ಒಳಗ ಉಪ್ಪಿನಂಶ ಜಾಸ್ತಿ ಇರತೈತಿ, ಹೋದ ನೀರು ವಾಪಸ್ ಒಳಗ ಬರತೈತಿ" ಎಂದಳು.

"ಬಂದ್ರ ಸಾಕವ್ವಾ, ನೀರಿನ ಕಾಲಿಗೆ ಬೀಳ್ತೀನಿ!"

ತೊಳೆದರು, ಮಡಕೆಯ ನೀರಿನಲ್ಲಿ ಮುಳುಗಿಸಿದರು. ಪಂಪಣ್ಣ ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಕುಡೀರಪ್ಪಾ, ಕುಡೀರಿ" ಎಂದು ಹೋಳುಗಳಿಗೆ ಉಪಚಾರ ಹೇಳಿದ. ಮೊದಲಿನಷ್ಟಲ್ಲದಿದ್ದರೂ ಸೌತೆಕಾಯಿ ಚೇತರಿಸಿಕೊಂಡಿತು. ನೀರು ಬಸಿದು, ತೆಂಗಿನತುರಿ ಒಗ್ಗರಣೆ ಹಾಕಿ, ಓಡೋಡಿ ಬಡಿಸಿದ್ದೂ ಆಯಿತು.

ಸುಂಕಲಮ್ಮ ಒಂದು ತುತ್ತು ಬಾಯಿಗಿಟ್ಟಳು. ಮನೆಮಂದಿಯೆಲ್ಲ ಆಕೆಯ ದವಡೆಯನ್ನೇ ನೋಡುತ್ತಿದ್ದರು.

"ಪಂಪಣ್ಣಾರ, ಇದಕ್ಕ ಉಪ್ಪ ಹಾಕಿಲ್ಲೇನ್ರಿ?"

"ಹಾಕಿಲ್ದ ಏನ್ರಿ ಬೀಗ್ತ್ಯಾರ!" ಕೆಂಚಣ್ಣ ಎಲೆಯ ಮುಂದಿನಿಂದಲೇ ಕೂಗಿದ. "ನಾನ ಮುಷ್ಟಿ ತುಂಬ ಹಾಕೀನಿ!"

"ಯವ್ವಾ, ನೀವೂ ಹಾಕಿದ್ರಾ ಭಾವಾರ? ನಾನೂ ಹಾಕೀನ್ರಿ!" ಬಾಗಿಲಲ್ಲಿ ರೇಣುಕಾದೇವಿ.

"ನಾ ಸ್ವಲ್ಪ ಅಷ್ಟರೀ," ಎಂದಳು ಸಾರಿನ ಬಕೆಟ್ ಹಿಡಿದ ಹೊಳೆಮ್ಮ. "ಎರಡ ಹಿಡಿ."

ಎಲ್ಲರ ಕಣ್ಣು ಪಂಪಣ್ಣನ ಮೇಲೆ. ವಂಶ ಜಾಲಾಡುವ ಬಾಯಿ ತೆರೆಯಿತು, ಮಗನ ಬಿಳಿಚಿದ ಮುಖ ಕಂಡು ಮೆತ್ತಗಾಯಿತು. "ತಪ್ಪು ನಂದ್ರಿ ಅಕ್ಕಾರ. ಅವರು ಹಾಕಿದ್ದ ತೊಳದು ತೆಗದೆ. ನಾ ಹಾಕಾದ ಮರ್ತೆ."

"ಅಲ್ರಿ, ಹಾಕಿದೋರು ಬಾಯಿ ಯಾಕ ಬಿಡಲಿಲ್ಲ?" ಎಂದಳು ಸುಂಕಲಮ್ಮ.

"ಮಗನ ಚಿಂತ್ಯಾಗ ಮರ್ತಾನ, ಮಂದ್ಯಾಗ ಯಾಕ ಅವನ ಮಾನ ತೆಗೀಬೇಕು ಅಂತ್ರಿ," ಎಂದ ಕೆಂಚಣ್ಣ ತಲೆ ತಗ್ಗಿಸಿ.

ಸುಂಕಲಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

"ನಮ್ಮ ಹುಡುಗಿ ಭಾಳ ಚಲೋ ಐತ್ರಿ, ಅಡಿಗಿ ಒಂದ ಬರಂಗಿಲ್ಲ. ಒಂದಿನ ಹೆಚ್ಚು ಹಾಕ್ತಾಳ, ಒಂದಿನ ಮರೀತಾಳ. ಹೋದ ಮನ್ಯಾಗ ಅದಕ್ಕ ಎಷ್ಟ ಅನ್ನಿಸ್ಕೊಂತಾಳೋ ಅಂತ ನಿದ್ದಿ ಇರಲಿಲ್ಲ ನನಗ," ಎಂದಳು. "ದಿನ ನೋಡ್ರಿ, ಮದುವಿ ಮಾಡೂಣು."