ದವಾಖಾನೆ ಗಾಡಿಯ ಏಣಿ

ನಮ್ಮ ದವಾಖಾನೆಗೆ ಚಕ್ರಗಳಿದ್ದವು. ಹಳೆಯ ಲಾರಿಯೊಂದರ ಮೇಲೆ ಹಲಗೆಯ ಕೋಣೆ ಕಟ್ಟಿಸಿ, ಒಂದು ಗೋಡೆಗೆ ಔಷಧಿಯ ಕಪಾಟು, ಎದುರು ಗೋಡೆಗೆ ಒಂದರ ಮೇಲೊಂದು ಎರಡು ಹಾಸಿಗೆ ಕೂರಿಸಿದ್ದರು. ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಹಳಿಯಾಳದಿಂದ ಹೊರಟರೆ ದಾಂಡೇಲಿ, ಕುಳಗಿ, ಜೋಯಿಡಾ ಮುಗಿಸಿ, ಮುಂಡಗೋಡದ ಕಡೆಯೂ ಒಂದು ಸುತ್ತು ಹಾಕಿ ವಾಪಸಾಗಲು ಹನ್ನೆರಡು ದಿನ. ಅಷ್ಟೂ ದಿನ ನಾನು ಮತ್ತು ಹಿರಿಯ ನರ್ಸ್ ಆ ಗಾಡಿಯಲ್ಲೇ ಮಲಗುತ್ತಿದ್ದೆವು, ಡ್ರೈವರ್ ಮುಂದಿನ ಸೀಟಿನಲ್ಲಿ.

ಹಿರಿಯ ನರ್ಸನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ಹಳಿಯಾಳ ಸೀಮೆಯ ಒಕ್ಕಲುಮನೆತನದವರು, ನನಗಿಂತ ಮೂವತ್ತು ವರ್ಷ ದೊಡ್ಡವರು, ತೂಕದಲ್ಲಿ ನನ್ನ ಎರಡರಷ್ಟು. ನಾನು ಹುಬ್ಬಳ್ಳಿಯ ನರ್ಸಿಂಗ್ ಹಾಸ್ಟೆಲಿನಿಂದ ಆಗಷ್ಟೇ ಹೊರಬಿದ್ದವಳು. ಅಲ್ಲಿ ಐದಕ್ಕೆ ಗಂಟೆ, ಐದೂ ಹತ್ತಕ್ಕೆ ಚಾದರದ ನಾಲ್ಕೂ ಮೂಲೆ ಮಡಚಿ ಗಾದಿಯ ಕೆಳಗೆ. ಇಂದಿಗೂ ನಾನು ಹಾಗೆಯೇ ಮಾಡುತ್ತೇನೆ. ಮೊಮ್ಮಕ್ಕಳು ನಗುತ್ತಾರೆ, ನಗಲಿ.

ಮೊದಲ ಸಂಜೆ, ಹಿರಿಯರು, ಮೊಣಕಾಲು ನೋವು ಬೇರೆ ಎಂದು ಯೋಚಿಸಿ, ಅವರ ಹಾಸಿಗೆಯನ್ನು ಕೆಳಗೆ ಹಾಸಿಟ್ಟೆ. ಅಕ್ಕಾರು ಅದನ್ನು ನೋಡಿದರು, ಮೇಲಿನ ಹಾಸಿಗೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ನೀ ಮ್ಯಾಲ ಮಲಗಿದ್ರ ನಿನ್ನ ಕಾಲು ನನ್ನ ತಲಿ ಮ್ಯಾಲ ಬರ್ತಾವಲ್ಲ ತಂಗಿ. ಕೊರಳಾಗ ಲಿಂಗ ಐತಿ ನನಗ.”

ಸಿಟ್ಟಿರಲಿಲ್ಲ. ಊಟ ಆದ ಮೇಲೆ ಎರಡು ಗುಳಿಗೆ ತಗೋ ಎಂದು ರೋಗಿಗೆ ಹೇಳುವ ದನಿಯಲ್ಲೇ ಹೇಳಿದರು. ನಾನು ಹಾಸಿಗೆ ಅದಲುಬದಲು ಮಾಡಿದೆ.

ಮೇಲೆ ಹೋಗಲು ಇದ್ದದ್ದು ಐದು ಮೆಟ್ಟಿಲಿನ ಒಂದು ಮರದ ಏಣಿ. ಅದರ ಎರಡು ಕೊಕ್ಕೆಗಳನ್ನು ಹಾಸಿಗೆಯ ಕಬ್ಬಿಣದ ಪಟ್ಟಿಗೆ ಸಿಕ್ಕಿಸಬೇಕು. ಅಕ್ಕಾರು ಅದನ್ನು ಏರುವ ಕ್ರಮವೇ ಬೇರೆ. ಮೆಟ್ಟಿಲಿಗೊಂದು ಸಲ ಶಿವಾ ಎನ್ನುವರು. ಮೂರನೆಯದರಲ್ಲಿ ನಿಂತು ದಣಿವಾರಿಸಿಕೊಳ್ಳುವರು. ಬರೀ ನಿಲ್ಲುತ್ತಿರಲಿಲ್ಲ, ಆ ದಿನ ನೋಡಿದ ಬಸುರಿಯ ಅತ್ತೆ ಯಾವ ಊರಿನವಳು, ಆ ಬಸುರಿಯ ಗಂಡ ಹುಟ್ಟುವಾಗ ಎಷ್ಟು ಸತಾಯಿಸಿದ ಎಂಬುದೆಲ್ಲ ಅಲ್ಲಿಂದಲೇ ಹೇಳುತ್ತಿದ್ದರು. ಆ ಗಂಡನನ್ನು ಹೆರಿಗೆ ಮಾಡಿಸಿದ್ದೂ ಇವರೇ. ನಾನು ಏಣಿ ಹಿಡಿದು, ಕಣ್ಣು ಗಡಿಯಾರದ ಮೇಲಿಟ್ಟು ಕೇಳುತ್ತಿದ್ದೆ. ಎಂಟಕ್ಕೆ ಮಲಗಬೇಕಾದವರು ಎಂಟೂಕಾಲಿಗೂ ಮೂರನೆಯ ಮೆಟ್ಟಿಲಿನಲ್ಲೇ.

ಈ ಸಂಗತಿ ಹೇಗೋ ಮೇಲಿನವರ ಕಿವಿಗೆ ಬಿತ್ತು. ಆರೋಗ್ಯ ಇಲಾಖೆಯ ಸಾಹೇಬರು ನಮ್ಮ ಗಾಡಿ ತಂಗುವ ಕುಳಗಿಯ ಬಿಡಾರಕ್ಕೆ ಬೆಳಿಗ್ಗೆ ಎಂಟಕ್ಕೆ ಬರುತ್ತಾರೆ, ಅಕ್ಕಾರು ಗಾಡಿಯಲ್ಲಿ ಹತ್ತಿಳಿಯಬಲ್ಲರೇ ಎಂದು ಖುದ್ದಾಗಿ ನೋಡುತ್ತಾರೆ ಎಂದು ಕಾಗದ ಬಂತು. ಆಗದಿದ್ದರೆ ತಿರುಗಾಟ ಬಂದ್. ಹಳಿಯಾಳದ ಉಗ್ರಾಣದಲ್ಲಿ ಕುಳಿತು ಅರಳೆ ಸುತ್ತುವ ಕೆಲಸ. ಅಕ್ಕಾರು ಕಾಗದವನ್ನು ನನ್ನಿಂದ ಎರಡು ಸಲ ಓದಿಸಿದರು. ಜೋಯಿಡಾದ ಕಡೆ ಮೂವರಿಗೆ ಅದೇ ತಿಂಗಳು ದಿನ ತುಂಬುತ್ತಿತ್ತು. ಕೊಂಕಣಿ ಬಿಟ್ಟು ಬೇರೆ ಮಾತು ಬಾರದ ಆ ಹೆಣ್ಣುಮಕ್ಕಳು ಅಕ್ಕಾರನ್ನು ಬಿಟ್ಟು ಬೇರೆಯವರನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. “ಅರಳಿ ಸುತ್ತಿಕೋತ ಕುಂತ್ರ ನಾ ಆರು ತಿಂಗಳಾ ಬದುಕಾಂಗಿಲ್ಲ,” ಎಂದರು. ಅಂದು ಏಣಿಯ ಮೇಲೆ ಯಾರ ಕಥೆಯೂ ಬರಲಿಲ್ಲ.

ನಾನು ತಾಲೀಮಿನ ವೇಳಾಪಟ್ಟಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದೆ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಮೊದಲು ನೋವಿಲ್ಲದ ಕಾಲು. ಅಕ್ಕಾರು ಪಟ್ಟಿಗೆ ಕೈಮುಗಿದರು. ಅದರಂತೆ ನಡೆಯಲಿಲ್ಲ.

ಕುಳಗಿಯಲ್ಲಿ ಆ ಬೆಳಿಗ್ಗೆ ಅಕ್ಕಾರು ಎಂದಿನಂತೆ ಮೇಲಿನ ಹಾಸಿಗೆಯಲ್ಲೇ ಕುಳಿತು ಲಿಂಗಪೂಜೆ ಮಾಡುತ್ತಿದ್ದರು. ನಾನು ಹೊರಗೆ ಸ್ಟೋವಿನ ಮೇಲೆ ಸೂಜಿ ಕುದಿಸುತ್ತಿದ್ದೆ. ಬಿಡಾರದ ಕಾವಲುಗಾರ ಅಡಿಗೆಮನೆಯ ಜಾರಿದ ಹಂಚು ಸರಿಮಾಡಲು ಏಣಿ ಕೇಳಿದನಂತೆ. ಪೂಜೆ ಹೇಗೂ ತಡ, ಸಾಹೇಬರು ಬರುವುದು ಎಂಟಕ್ಕೆ ಎಂದು ಡ್ರೈವರ್ ಕೊಟ್ಟೇಬಿಟ್ಟ. ಸಾಹೇಬರು ಏಳೂವರೆಗೆ ಬಂದರು. ಹೊತ್ತಿಗೆ ಮುಂಚೆ ಬರುವುದೂ ಹೊತ್ತು ತಪ್ಪಿದಂತೆಯೇ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ಅವರ ಹಿಂದೆಯೇ ನಾನೂ ಗಾಡಿಯೊಳಗೆ ಹೋದೆ. ಸಾಹೇಬರು ಸುತ್ತ ನೋಡಿದರು. ಅಕ್ಕಾರು ಹಣೆಯ ತುಂಬ ವಿಭೂತಿ ಬಳಿದುಕೊಂಡು, ಮಾವಿನ ಕೊಂಬೆಯ ಮೇಲೆ ಕುಳಿತವರಂತೆ ಕಾಲು ಇಳಿಬಿಟ್ಟು ಕುಳಿತಿದ್ದರು.

“ಬರ್ರಿ ಸಾಹೇಬ್ರ, ಕುಂದರ್ರಿ.”

ಕೂರಲು ಇದ್ದದ್ದು ಕೆಳಗಿನ ಹಾಸಿಗೆಯೊಂದೇ. ಸಾಹೇಬರು ಅಲ್ಲಿ ಕುಳಿತರು. ಕುಳಿತದ್ದೇ ತಡ, ಅಕ್ಕಾರ ಎರಡು ಪಾದಗಳೂ ಅವರ ಟೊಪ್ಪಿಗೆಯ ಮಗ್ಗುಲಿಗೆ ಬಂದವು. ಅಕ್ಕಾರು ಹೌಹಾರಿ ಕಾಲು ಮೇಲಕ್ಕೆಳೆದುಕೊಂಡು ಪದ್ಮಾಸನ ಹಾಕಿದವರಂತೆ ಮುದುರಿ ಕುಳಿತರು. ತಮ್ಮ ತಲೆಯ ಮೇಲೆ ನನ್ನ ಕಾಲು ಬೇಡವೆಂದವರು, ಇನ್ನೊಬ್ಬರ ತಲೆಯ ಮೇಲೆ ತಮ್ಮ ಕಾಲು ಬಿಟ್ಟಾರೆಯೇ? ಸಾಹೇಬರು ಅರ್ಧ ತಾಸು ರಜಿಸ್ಟರ್ ನೋಡಿದರು. ಅಷ್ಟೂ ಹೊತ್ತು ಅಕ್ಕಾರು ಮೇಲಿನಿಂದಲೇ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಮಡಚಿದ ಮೊಣಕಾಲು ಅಲ್ಲೇ ಸೆಟೆದುಕೊಳ್ಳುತ್ತಿತ್ತು. ಅದು ನನಗೆ ಅವರ ಮುಖದಲ್ಲೇ ಕಾಣುತ್ತಿತ್ತು.

ಅಷ್ಟರಲ್ಲಿ ಡ್ರೈವರ್ ಏಣಿ ತಂದ. ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಅದರಿಂದ ಕಿತ್ತುಬಂದ ಎಲ್ಲಕ್ಕೂ ಕೆಳಗಿನ ಮೆಟ್ಟಿಲು. ಕಾವಲುಗಾರನೂ ಅಕ್ಕಾರಷ್ಟೇ ಭಾರದ ಆಸಾಮಿ. ಡ್ರೈವರ್ ಮೆಟ್ಟಿಲನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಕೊಕ್ಕೆ ಸಿಕ್ಕಿಸಿದ.

ಸಾಹೇಬರು ರಜಿಸ್ಟರ್ ಮುಚ್ಚಿ ಎದ್ದರು. ಇನ್ನು ಇಳಿಯಿರಿ, ನೋಡೋಣ ಎಂದರು. ಅಕ್ಕಾರು ಸೀರೆಯ ನಿರಿಗೆ ಎತ್ತಿ ಹಿಡಿದು ಒಂದು ಕಾಲು ಕೆಳಗೆ ಚಾಚಿದರು. ತಕ್ಷಣ ಸಾಹೇಬರು ಗರ್ರನೆ ತಿರುಗಿ ಬಾಗಿಲಿನಾಚೆಯ ಸಾಗವಾನಿ ಗಿಡಗಳನ್ನು ನೋಡತೊಡಗಿದರು. ಒಳ್ಳೆಯ ಮನೆತನದ ಮನುಷ್ಯ. ಹಿರಿಯ ಹೆಣ್ಣುಮಗಳು ಏಣಿ ಇಳಿಯುವುದನ್ನು ನೋಡುತ್ತ ನಿಲ್ಲುವುದುಂಟೇ? ಡ್ರೈವರನೂ ತಿರುಗಿದ. ಅದನ್ನೇ ನೋಡಲೆಂದು ಕಾಡು ದಾಟಿ ಬಂದವರು ಗಿಡ ನೋಡುತ್ತ ನಿಂತರು.

ಅಕ್ಕಾರು ಒಂದೊಂದಾಗಿ ಇಳಿದು ಉಳಿದದ್ದರಲ್ಲಿ ಕೆಳಗಿನ ಮೆಟ್ಟಿಲಿಗೆ ಬಂದರು. ಅಲ್ಲಿಂದ ನೆಲ ಬಹಳ ದೂರ. ಸೆಟೆದ ಕಾಲು ಗಾಳಿಯಲ್ಲಿ ತಡಕಾಡಿತು. ನಾನು ಏಣಿಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ನನ್ನ ಭುಜ ತಟ್ಟಿ ತೋರಿಸಿದೆ.

“ನಿನಗ ಕಾಲು ಹತ್ತತೈತಿ ತಂಗಿ,” ಎಂದು ಪಿಸುಗುಟ್ಟಿದರು.

“ಹತ್ತಲಿ. ಲಗೂ ಬರ್ರಿ.”

ಶಿವಾ ಎಂದರು. ಅವರ ಪೂರ್ತಿ ಭಾರ ನನ್ನ ಎಡಭುಜದ ಮೇಲೆ ಬಂತು, ಆಮೇಲೆ ನೆಲಕ್ಕೆ ಹೋಯಿತು. ನಾನು ಏಳುವ ಮೊದಲೇ ಅಕ್ಕಾರು ಬಗ್ಗಿ ನನ್ನ ಭುಜ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಕಾಲು ತಾಗಿದರೆ ಯಾರೇ ಆದರೂ ಮಾಡುವುದು ಅದೇ. ಆದರೆ ಮಗಳ ವಯಸ್ಸಿನವಳಿಗೆ ಅವರು ಹಾಗೆ ಮಾಡಿದ್ದು ನನಗೆ ಭಾರಕ್ಕಿಂತ ಹೆಚ್ಚಾಯಿತು.

ಸಾಹೇಬರು ತಿರುಗಿದಾಗ ಅಕ್ಕಾರು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದರು. ತಾವಾಗಿಯೇ ಇಳಿದರೇ ಎಂದು ಸಾಹೇಬರು ಕೇಳಿದ್ದು ನನ್ನನ್ನು. ಹಾಸ್ಟೆಲಿನಲ್ಲಿ ಸುಳ್ಳಿಗೆ ಒಂದು ಹೊತ್ತು ಊಟವಿರುತ್ತಿರಲಿಲ್ಲ.

“ಹೌದ್ರಿ. ಅವರ ಕಾಲಿಂದನ ಇಳದ್ರು.”

ಸಾಹೇಬರು ಬರೆದುಕೊಂಡು ಹೋದರು. ಕಾಲು ಯಾವುದರ ಮೇಲೆ ಇಟ್ಟರೆಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಮರುದಿನ ಜೋಯಿಡಾದಲ್ಲಿ ಬಡಿಗ ಹೊಸ ಮೆಟ್ಟಿಲು ಹಚ್ಚಿಕೊಟ್ಟ. ಸಂಜೆ ಅಕ್ಕಾರು ಅದರ ಮೇಲೆ ಪಾದವಿಟ್ಟು ಒತ್ತಿ ನೋಡಿದರು, ಮುಖ ಸಿಂಡರಿಸಿದರು.

“ನಿನ್ನಷ್ಟು ಗಟ್ಟಿ ಇಲ್ಲ ಬಿಡವಾ ಇದು. ಬಾ, ಇಲ್ಲೆ ನಿಂದ್ರು.”

ಅವರ ಹಾಸಿಗೆಯನ್ನು ಕೆಳಗೆ ಹಾಸುವ ಯೋಚನೆ ನಾನು ಮತ್ತೆ ಮಾಡಲಿಲ್ಲ. ಕಪಾಟಿನ ಬಾಗಿಲಿನ ತಾಲೀಮಿನ ಪಟ್ಟಿ ಕಿತ್ತು, ನನ್ನ ದಿನಚರಿಯಲ್ಲಿ ಕಂದೀಲು ಒರೆಸುವುದರ ಕೆಳಗೆ ಒಂದು ಸಾಲು ಸೇರಿಸಿದೆ: ಎಂಟಕ್ಕೆ, ಏಣಿ. ಮುಂದೆ ಎರಡು ವರ್ಷ ಸರಿಯಾಗಿ ಎಂಟಕ್ಕೆ ನಾನು ಅದರ ಬುಡದಲ್ಲಿ ನಿಂತಿರುತ್ತಿದ್ದೆ. ಅಕ್ಕಾರು ಎಂಟೂ ಹತ್ತಕ್ಕೆ ಬರುತ್ತಿದ್ದರು, ಮೂರನೆಯ ಮೆಟ್ಟಿಲಿಗೆ ಒಂದು ಹೊಸ ಕಥೆ ತೆಗೆದುಕೊಂಡು.